ಶೇಡಣ್ಣನ ಹಲ್ಲಿನ ಬಿಳಿ ಚೌಕಗಳು

ಹಸಿ ಸುಣ್ಣದ ವಾಸನೆ ಬಂದರೆ ಶೇಡಣ್ಣನಿಗೆ ಇಂದಿಗೂ ಎದೆಯೊಳಗೆ ಏನೋ ತಂಪಾದಂತಾಗುತ್ತದೆ. ಚಿಕ್ಕವನಿದ್ದಾಗ ಅಪ್ಪ ಗೋಡೆಗಳಿಗೆ ಸುಣ್ಣ ಹೊಡೆಯಲು ಹೋದಲ್ಲೆಲ್ಲ ಇವನೂ ಬಾಲದಂತೆ ಹಿಂದೆ ಹೋಗುತ್ತಿದ್ದ. ಸುಣ್ಣದ ಕಲ್ಲು ಬಕೆಟ್ಟಿನ ನೀರಿಗೆ ಬಿದ್ದು ಬುಸುಗುಟ್ಟುವಾಗ ಏಳುವ ಆ ಬಿಸಿ ವಾಸನೆಯನ್ನು ಮೂಗು ತುಂಬ ಎಳೆದುಕೊಂಡು, ಅಪ್ಪ ಅದಕ್ಕೊಂದು ಚಿಟಿಕೆ ನೀಲಿ ಹಾಕಿ ಕದಡುವುದನ್ನು ನೋಡುತ್ತ ನಿಲ್ಲುತ್ತಿದ್ದ. ಬಿಳಿ ಅಂತ ಒಂದು ಬಣ್ಣ ಇಲ್ಲ, ಬಿಳಿಗಳು ಅಂತ ಇವೆ ಎಂದು ಅಪ್ಪ ಒಮ್ಮೆ ಹೇಳಿದ್ದ. ಬೇರೆ ಮಕ್ಕಳು ಅಪ್ಪನ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ಇವನು ಅದನ್ನೇ ಹೊಟ್ಟೆಪಾಡು ಮಾಡಿಕೊಂಡ.

ಈಗ ಅವನಿಗೆ ನಲವತ್ತೆಂಟು. ಇಪ್ಪತ್ತಮೂರು ವರ್ಷದಿಂದ ಒಂದೇ ಬಣ್ಣದಂಗಡಿಯ ಹಿಂಬಾಗಿಲ ಬೆಳಕಿನಲ್ಲಿ ನಿಂತು ಬಣ್ಣ ಬೆರೆಸುತ್ತಾನೆ. ಮಾಸಿದ ಗೋಡೆಯ ಒಂದು ಚಕ್ಕೆ ತಂದುಕೊಟ್ಟರೆ ಸಾಕು, ಕಣ್ಣು ಕಿರಿದು ಮಾಡಿ, ನಾಲ್ಕು ಡಬ್ಬ ಮುಚ್ಚಳ ತೆಗೆದು, ಅದೇ ಬಣ್ಣವನ್ನು ಎದುರಿಗಿಡುತ್ತಾನೆ. ಜೇಬಿನಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ಶೇಡ್ ಕಾರ್ಡು ಸದಾ ಇರುತ್ತದೆ. ಅದರಲ್ಲಿ ಬಿಳಿಗಳೇ ಮೂವತ್ತಾರು. ಮದುವೆಯಾದ ಹೊಸದರಲ್ಲಿ ಮಾವನ ಮನೆಯ ಹಾಲಿನ ಲೋಟಕ್ಕೆ ಆ ಕಾರ್ಡು ಹಿಡಿದು ನೀರು ಬಿದ್ದಿದೆ ಎಂದು ಹೇಳಿ, ಒಂದು ವರ್ಷ ಆ ಮನೆಯವರ ಜೊತೆ ಮಾತು ಕಳೆದುಕೊಂಡಿದ್ದ. ಹಾಲಿಗೆ ನೀರು ಬಿದ್ದಿದ್ದೂ ನಿಜವೇ. ಆದರೆ ನಿಜವೆಲ್ಲ ಕಾರ್ಡು ಹಿಡಿದು ತೋರಿಸುವಂಥದ್ದಲ್ಲವಲ್ಲ.

ಇಂಥ ಶೇಡಣ್ಣ ಈ ವಯಸ್ಸಿನಲ್ಲಿ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡದ್ದಕ್ಕೆ ಕಾರಣ ಅವನ ಮಗಳು. ಅವಳಿಗೆ ಹನ್ನೆರಡಾದಾಗ ಮೇಲಿನ ಹಲ್ಲುಗಳು ತುಟಿಯ ಮಾತು ಕೇಳದೆ ಮುಂದೆ ಬಂದು ನಿಂತವು. ಶಾಲೆಯಲ್ಲಿ ಯಾರೋ ಏನೋ ಅಂದರು. ಏನೆಂದು ಅವಳು ಹೇಳಲಿಲ್ಲ. ಅಂದಿನಿಂದ ನಗು ಬಂದಾಗಲೆಲ್ಲ ಅವಳ ಬಲಗೈ ತಾನಾಗಿ ಎದ್ದು ಬಾಯಿಗೆ ಅಡ್ಡ ಬರತೊಡಗಿತು. ಹಲ್ಲಿನ ಡಾಕ್ಟರಮ್ಮ ನೋಡಿ, ಎರಡು ವರ್ಷ ಕ್ಲಿಪ್ ಹಾಕಿದರೆ ಸರಿಹೋಗುತ್ತದೆ ಎಂದರು. ಹುಡುಗಿ ಕುರ್ಚಿಯಿಂದ ಇಳಿದು ಬಾಗಿಲ ಕಡೆ ನಡೆದಳು. ತಾನೊಬ್ಬಳೇ ಬಾಯಲ್ಲಿ ತಂತಿ ಇಟ್ಟುಕೊಂಡು ಶಾಲೆಗೆ ಹೋಗುವುದಿಲ್ಲ ಅಂದಳು.

"ಒಬ್ಬಳೇ ಯಾಕೆ, ನಾನೂ ಹಾಕಿಸ್ಕೋತೀನಿ" ಅಂದುಬಿಟ್ಟ ಶೇಡಣ್ಣ.

ಅವನ ಮುಂದಿನ ಎರಡು ಹಲ್ಲುಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿದ್ದವು, ನಿಜ. ಆದರೆ ಅವುಗಳ ಜೊತೆ ನಲವತ್ತು ವರ್ಷ ಸಂಸಾರ ಮಾಡಿದವನಿಗೆ ಅದೊಂದು ಕೊರತೆಯೆಂದು ಅನಿಸಿರಲೇ ಇಲ್ಲ. ಆಡಿದ ಮಾತು ಆಡಿಯಾಯಿತು. ಡಾಕ್ಟರಮ್ಮ ಎರಡು ಬಾಯಿಗೂ ಅಳತೆ ತೆಗೆದುಕೊಂಡರು. ಹೆಂಡತಿ ಇದನ್ನು ಹಲ್ಲಿನ ಬೇಲಿ ಎಂದು ಕರೆದಳು. ಅಂಗಡಿಯ ಯಜಮಾನರು ಗಿರಾಕಿಗಳೆದುರು ಹೆಚ್ಚು ಹಲ್ಲು ಕಿರಿಯಬೇಡ, ಹೆದರಿಕೊಂಡಾರು ಎಂದರು. ಅಪ್ಪ ಮಗಳು ಎರಡು ವರ್ಷ ಜೊತೆಯಲ್ಲೇ ಮೆತ್ತಗಿನದನ್ನು ತಿಂದು, ಜೊತೆಯಲ್ಲೇ ನೋವು ಹೇಳಿಕೊಂಡು ದಿನ ತೆಗೆದರು. ಒಂದು ದಿನ ಕ್ಲಿಪ್ ಹೋಗುತ್ತದೆ, ಆವತ್ತು ಮಗಳ ಆ ಕೈ ಕೆಳಗಿಳಿಯುತ್ತದೆ. ಶೇಡಣ್ಣನಿಗೆ ಇದ್ದದ್ದು ಅದೊಂದೇ ಆಸೆ.

ಅವನ ಕ್ಲಿಪ್ ಮೊದಲು ಬಿಚ್ಚಿದ್ದು, ಒಂದು ಸೋಮವಾರ. ಮಗಳದು ಅದೇ ವಾರದ ಶನಿವಾರಕ್ಕೆ ಗೊತ್ತಾಗಿತ್ತು. ಡಾಕ್ಟರಮ್ಮ ಕೈಗನ್ನಡಿ ಕೊಟ್ಟು, ಶುಕ್ರವಾರ ಒಮ್ಮೆ ಬನ್ನಿ, ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ ಎಂದರು. ಒಂದೇ ಕೋಟು ನೋಡಿ ಬಣ್ಣಕ್ಕೆ ಬೆಲೆ ಕಟ್ಟಬೇಡಿ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವ ಶೇಡಣ್ಣ ಈ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಕಣ್ಣು ಕನ್ನಡಿಯಲ್ಲಿ ನೆಟ್ಟಿತ್ತು. ಹಲ್ಲುಗಳು ಕವಾಯತಿಗೆ ನಿಂತಂತೆ ಸಾಲಾಗಿದ್ದವು. ಆದರೆ ಒಂದೊಂದು ಹಲ್ಲಿನ ನಟ್ಟನಡುವೆಯೂ ಒಂದೊಂದು ಚೌಕ ಕಾಣುತ್ತಿತ್ತು. ಚೌಕದೊಳಗೆ ಬಿಳಿ, ಸುತ್ತಲೂ ಮಸುಕು. ಹತ್ತು ವರ್ಷದ ಕ್ಯಾಲೆಂಡರು ತೆಗೆದ ಗೋಡೆ ಹೇಗಿರುತ್ತದೋ ಹಾಗೆ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೂತಿದ್ದ ಡಾಕ್ಟರಮ್ಮನನ್ನು ಇದೇನೆಂದು ಕೇಳುತ್ತಿದ್ದರು. ಊರಿಗೆಲ್ಲ ಬಣ್ಣ ಹೇಳುವವನು ತನ್ನ ಬಾಯಿಯ ಬಣ್ಣವನ್ನು ಇನ್ನೊಬ್ಬರನ್ನು ಕೇಳುವುದುಂಟೆ? ಅವನು ಬಾಯಿ ಮುಚ್ಚಿಕೊಂಡು ಅಂಗಡಿಗೆ ಬಂದ. ಹಿಂಬಾಗಿಲ ಬೆಳಕಿಗೆ ನಿಂತ. ಬಣ್ಣ ನೋಡುವ ಮೊದಲು ಗೋಡೆಯನ್ನು ಒಣಬಟ್ಟೆಯಿಂದ ಒರೆಸಬೇಕೆಂಬುದು ಅವನ ಕಸುಬಿನ ನಿಯಮ. ಹಾಗೆಯೇ ಹಲ್ಲುಗಳನ್ನು ಕರವಸ್ತ್ರದಿಂದ ಚೆನ್ನಾಗಿ ಒರೆಸಿ, ಬಾಯಿ ತೆರೆದುಕೊಂಡೇ ಐದು ನಿಮಿಷ ಆರಲು ಬಿಟ್ಟು, ಆಮೇಲೆ ಕನ್ನಡಿಯ ಪಕ್ಕ ಶೇಡ್ ಕಾರ್ಡು ಹಿಡಿದ. ಚೌಕ ನಾಲ್ಕನೆಯ ಬಿಳಿ. ಸುತ್ತಲಿನದು ಹದಿನೇಳನೆಯದು. ನಡುವೆ ಹದಿಮೂರು ಬಿಳಿಗಳ ಅಂತರ. ಸಂಜೆ ಮತ್ತೆ ಒರೆಸಿ ನೋಡಿದ. ಚೌಕ ಇನ್ನೂ ಬೆಳ್ಳಗಾಗಿ ಮೂರಕ್ಕೆ ಬಂದಿತ್ತು.

ಕ್ಲಿಪ್ ಹಲ್ಲಿನ ಬಣ್ಣ ಕೆಡಿಸುತ್ತದೆ ಎಂದು ಶೇಡಣ್ಣ ತೀರ್ಪು ಕೊಟ್ಟುಕೊಂಡ. ತನ್ನದು ಹೇಗಾದರೂ ಇರಲಿ. ಆದರೆ ಶನಿವಾರ ಮಗಳ ಹಲ್ಲುಗಳಲ್ಲೂ ಇದೇ ಚೌಕಗಳು ಮೂಡಿ ನಿಂತರೆ? ಎರಡು ವರ್ಷ ನೋವು ತಿನ್ನಿಸಿ, ಕೊನೆಗೆ ಅವಳ ಕೈಯನ್ನು ಜನ್ಮಪೂರ್ತಿ ಬಾಯಿಗೇ ಕಟ್ಟಿಹಾಕಿದಂತಾಯಿತಲ್ಲ. ಹಾಕಿಸಿಕೋ ಎಂದು ಮುಂದೆ ನಿಂತವನು ತಾನೇ. ಅವಳ ಸರದಿ ಬರುವುದರೊಳಗೆ ಇದಕ್ಕೊಂದು ಉಪಾಯ ಕಂಡುಹಿಡಿಯಬೇಕು, ಅಲ್ಲಿಯವರೆಗೆ ತನ್ನ ಹಲ್ಲು ಅವಳ ಕಣ್ಣಿಗೆ ಬೀಳಬಾರದು ಎಂದು ನಿಶ್ಚಯಿಸಿದ.

ಉಪಾಯ ಅವನ ಕಸುಬಿನಲ್ಲೇ ಇತ್ತು. ಗೋಡೆಯಲ್ಲಿ ಒಂದು ಕಡೆ ಬೆಳ್ಳಗೆ, ಉಳಿದ ಕಡೆ ಮಸುಕಾಗಿದ್ದರೆ ಇಡೀ ಗೋಡೆಯನ್ನು ಬೆಳ್ಳಗೆ ಮಾಡುವುದು ದೊಡ್ಡ ಕೆಲಸ. ಬೆಳ್ಳಗಿರುವುದನ್ನು ಮಸುಕು ಮಾಡುವುದು ಚಿಕ್ಕ ಕೆಲಸ. ಜಗತ್ತಿನ ಜನರೆಲ್ಲ ಹಲ್ಲು ಬೆಳ್ಳಗಾಗಲಿ ಎಂದು ಒದ್ದಾಡುತ್ತಿರುವಾಗ, ಇರುವ ಬಿಳುಪನ್ನು ಕೆಳಗಿಳಿಸಲು ಹೊರಟ ಮೊದಲ ಮನುಷ್ಯ ಬಹುಶಃ ನಮ್ಮ ಶೇಡಣ್ಣನೇ ಇರಬೇಕು.

ಮಂಗಳವಾರ ಬೆಳಿಗ್ಗೆ ಎದುರಿನ ಟೀ ಅಂಗಡಿಯವನಿಗೆ ಹಾಲು ಸಕ್ಕರೆ ಎರಡೂ ಹಾಕದ, ಕಪ್ಪಗೆ ಕುದಿಸಿದ ಟೀ ಬೇಕೆಂದು ಹೇಳಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡರೆ ಎರಡು ನಿಮಿಷ ನುಂಗುವಂತಿಲ್ಲ, ಬಣ್ಣ ಹಿಡಿಯಬೇಕಲ್ಲ. ಆಮೇಲೆ ನುಂಗಿ ಇನ್ನೊಂದು ಗುಟುಕು. ಹೀಗೆ ದಿನಕ್ಕೆ ಹನ್ನೆರಡು ಲೋಟ. ಟೀ ಅಂಗಡಿಯವನಿಗೆ ಕಣ್ಣು ತುಂಬಿ ಬಂತು. ಹತ್ತೊಂಬತ್ತು ವರ್ಷದಿಂದ ಟೀ ಮಾಡುತ್ತಿದ್ದೇನೆ, ನನ್ನ ಟೀಯನ್ನು ನುಂಗಲು ಮನಸ್ಸಿಲ್ಲದೆ ಬಾಯಲ್ಲಿ ಇಟ್ಟುಕೊಂಡು ಕೂತವರನ್ನು ಇದೇ ಮೊದಲು ನೋಡಿದ್ದು ಎಂದು ಸಿಕ್ಕಸಿಕ್ಕವರಿಗೆ ಹೇಳಿದ. ಬಣ್ಣದಂಗಡಿಯ ಲೋಟಕ್ಕೆ ಮಾತ್ರ ಒಂದು ತಟ್ಟೆ ಮುಚ್ಚಿ ಕಳಿಸತೊಡಗಿದ.

ಬಾಯಲ್ಲಿ ಟೀ ಇದ್ದರೆ ಮಾತು ಹೊರಡುವುದಿಲ್ಲ. ತೊಡಕು ಶುರುವಾದದ್ದು ಅಲ್ಲಿಂದ. ಒಬ್ಬ ಶಾಲಾ ಶಿಕ್ಷಕಿ ಬಂದು ತಮ್ಮ ಮನೆಯ ನಡುಕೋಣೆಗೆ ಹಸಿರು ಒಪ್ಪುತ್ತದೆಯೇ ಎಂದು ಕೇಳಿದರು. ಶೇಡಣ್ಣ ಸುಮ್ಮನೆ ನೋಡಿದ. ಹಾಗಾದರೆ ನೀಲಿಯೇ ಎಂದು ಕೇಳಿದರು. ಅದಕ್ಕೂ ಸುಮ್ಮನೆ ನೋಡಿದ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ಇರುವ ಬಣ್ಣವೇ ಚೆನ್ನಾಗಿದೆ, ನನಗೇ ಸುಮ್ಮನೆ ಚಪಲ ಎಂದು ಹೇಳಿ, ಕೈಮುಗಿದು ಹೊರಟುಹೋದರು. ಯಜಮಾನರು ಗಲ್ಲಾದಲ್ಲಿ ಕೂತು ತಲೆ ಚಚ್ಚಿಕೊಂಡರು.

ಬುಧವಾರ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಬಾಗಿಲಿಗೆ ಬಣ್ಣ ಕೇಳಲು ಬಂದವರು, ಸ್ಟೂಲಿನ ಮೇಲೆ ಕೂತು, ಬಣ್ಣ ಬಿಟ್ಟು ತಮ್ಮ ತಂಗಿಯ ವಿಷಯ ತೆಗೆದರು. ಆರು ವರ್ಷದ ಜಗಳ. ತಂಗಿ ಅಂದದ್ದು, ತಾವು ಅಂದದ್ದು, ಮತ್ತೆ ತಂಗಿ ಅಂದದ್ದು. ಶೇಡಣ್ಣ ಕೆನ್ನೆ ಸ್ವಲ್ಪ ಉಬ್ಬಿಸಿಕೊಂಡು ಅವರನ್ನೇ ದಿಟ್ಟಿಸುತ್ತಿದ್ದ. ಎರಡು ನಿಮಿಷ ಯಾರೂ ಅಡ್ಡ ಬಾಯಿ ಹಾಕದೆ ತಮ್ಮ ಮಾತು ಕೇಳಿದ್ದು ಗುಮಾಸ್ತರಿಗೆ ನೌಕರಿ ಸೇರಿದ ಮೇಲೆ ಇದೇ ಮೊದಲು. ಅವರ ದನಿ ಸಣ್ಣಗಾಯಿತು. ತಪ್ಪು ನನ್ನದೂ ಇದೆ, ನಿಮ್ಮ ಕಣ್ಣು ನೋಡಿದರೇ ಗೊತ್ತಾಗುತ್ತೆ ಎಂದು ಒಪ್ಪಿಕೊಂಡು, ಅಂಗಡಿಯ ಫೋನಿನಿಂದಲೇ ತಂಗಿಯ ಜೊತೆ ಮಾತಾಡಿ ರಾಜಿಯಾದರು.

ಸುದ್ದಿಗೆ ಕಾಲಿಲ್ಲ, ಆದರೂ ಓಡುತ್ತದೆ. ಗುರುವಾರದ ಹೊತ್ತಿಗೆ ಬಣ್ಣದ ಡಬ್ಬಗಳ ನಡುವೆ ಒಂದು ಬೆಂಚು ಬಿತ್ತು. ಗಂಡನ ಗೊರಕೆಯಿಂದ ಬೇಸತ್ತ ದರ್ಜಿಯಮ್ಮ, ಕೆಲಸ ಬಿಡಲೋ ಬೇಡವೋ ಎನ್ನುತ್ತಿದ್ದ ಅಂಚೆಯವನು, ಇನ್ನೊಮ್ಮೆ ಗುಮಾಸ್ತರು. ಎಲ್ಲರೂ ಸರದಿಯಲ್ಲಿ ಬಂದು ಹೇಳಿಕೊಂಡು, ತಾವೇ ಉತ್ತರ ಕಂಡುಕೊಂಡು, ಹಗುರಾಗಿ ಹೋದರು. ಶೇಡಣ್ಣ ಮೌನ ಹಿಡಿದಿದ್ದಾನೆ, ಬಹಳ ಮಾಗಿದ್ದಾನೆ ಎಂದು ಬೀದಿ ತೀರ್ಮಾನಿಸಿತು. ಯಜಮಾನರ ಲೆಕ್ಕವೇ ಬೇರೆ. ಇವನನ್ನು ಬೇರೆ ಅಂಗಡಿಯವರು ಕರೆದಿದ್ದಾರೆ, ಅದಕ್ಕೇ ಮುಖ ಕೊಟ್ಟು ಮಾತಾಡುತ್ತಿಲ್ಲ ಎಂದುಕೊಂಡು, ತಮ್ಮ ತಲೆಯ ಮೇಲಿನ ಫ್ಯಾನನ್ನು ಬಿಚ್ಚಿಸಿ ಅವನ ಮೂಲೆಗೆ ಹಾಕಿಸಿಕೊಟ್ಟರು.

ಇಷ್ಟೆಲ್ಲ ಗೌರವ ಬಂದರೂ ಹಲ್ಲು ಮಾತ್ರ ದಾರಿಗೆ ಬರಲಿಲ್ಲ. ಟೀ ಚೌಕವನ್ನಷ್ಟೇ ಆರಿಸಿಕೊಂಡು ಹಿಡಿಯುತ್ತದೆಯೇ? ಚೌಕ ಆರಕ್ಕಿಳಿದರೆ ಸುತ್ತಲಿನದು ಇಪ್ಪತ್ತಕ್ಕಿಳಿದಿತ್ತು. ಅಂತರ ಹದಿನಾಲ್ಕೇ ಉಳಿದಿತ್ತು. ಒಟ್ಟಿನಲ್ಲಿ ಗೋಡೆಯೇ ಮೂರು ಮೆಟ್ಟಿಲು ಕೆಳಗೆ ಹೋಗಿತ್ತು.

ಮನೆಯಲ್ಲಿ ಅವನು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದ, ಪ್ರಶ್ನೆಗೆ ತಲೆ ಆಡಿಸುತ್ತಿದ್ದ, ಟೀ ತುಂಬಿದ ಫ್ಲಾಸ್ಕನ್ನು ಕಂಕುಳಲ್ಲಿಟ್ಟುಕೊಂಡೇ ಓಡಾಡುತ್ತಿದ್ದ. ಹೆಂಡತಿ ಮೂರು ದಿನ ಹೊಟ್ಟೆಗೆ ಹಾಕಿಕೊಂಡಳು. ನಾಲ್ಕನೆಯ ದಿನ ತನ್ನ ತಮ್ಮನಿಗೆ ಹೇಳಿ ಕಳಿಸಿದಳು. ಈ ಭಾವಮೈದ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ನೆಂಟರ ಮನೆಗೆ ಬಂದರೂ ಮೊದಲು ಸೇರು, ತಕ್ಕಡಿಗಳ ಮೇಲೆ ಅವನ ಕಣ್ಣು ಹೋಗುತ್ತಿತ್ತು. ಗುರುವಾರ ಸಂಜೆ ಒಂದು ಫೈಲು ಹಿಡಿದುಕೊಂಡು ಬಂದು, ಭಾವನನ್ನು ಎದುರಿಗೆ ಕೂರಿಸಿಕೊಂಡು, ಪ್ರಶ್ನೆಗಳನ್ನು ಒಂದೊಂದಾಗಿ ಓದಿದ. ಕೆಲಸ ಹೋಗಿದೆಯೇ? ಇಲ್ಲವೆಂದು ತಲೆ ಆಡಿತು. ಯಾರಾದರೂ ಬೆದರಿಸಿದ್ದಾರೆಯೇ? ಮತ್ತೆ ಆಡಿತು. ಡಾಕ್ಟರು ಹಲ್ಲನ್ನೇನಾದರೂ ಕೆಡಿಸಿದ್ದಾರೆಯೇ ಎಂದಾಗ ತಲೆ ಆಡಲಿಲ್ಲ. ಭಾವಮೈದ ಅದನ್ನು ಗುರುತು ಹಾಕಿಕೊಂಡು, ನಾಳೆ ಇಬ್ಬರೂ ಹೋಗಿ ವಿಚಾರಿಸೋಣ, ನಾನು ಸುಮ್ಮನೆ ಬಿಡುವವನಲ್ಲ ಎಂದು ಹೇಳಿ, ಹೋಗುವಾಗ ಅಕ್ಕನ ಅಡುಗೆಮನೆಯ ಅಳತೆಲೋಟವನ್ನೊಮ್ಮೆ ಎತ್ತಿ ನೋಡಿ ಹೋದ.

ಆಮೇಲೆ ಮಗಳು ಬಂದಳು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಕೈ ಬಾಯಿಯ ಹತ್ತಿರವೇ ಇತ್ತು.

"ಅಪ್ಪಾ, ನಾನು ಶನಿವಾರ ಹೋಗಲ್ಲ."

ಶೇಡಣ್ಣ ಆಗಷ್ಟೇ ಒಂದು ದೊಡ್ಡ ಗುಟುಕು ಬಾಯಿಗೆ ಹಾಕಿಕೊಂಡಿದ್ದ.

"ಕ್ಲಿಪ್ ತೆಗೆಸಿಕೊಂಡು ಬಂದ್ಮೇಲೆ ನೀನು ಒಂದ್ಸಲಾನೂ ನಕ್ಕಿಲ್ಲ. ಏನೋ ಆಗಿದೆ, ನಂಗೆ ಹೇಳ್ತಿಲ್ಲ. ನಂದು ಹೀಗೇ ಇರ್ಲಿ ಬಿಡು. ಅಭ್ಯಾಸ ಆಗಿದೆ."

ಮೂರು ದಿನದಲ್ಲಿ ಅರ್ಧ ಬೀದಿಯನ್ನು ಸಮಾಧಾನ ಮಾಡಿದ ಆ ಮೌನ ಈಗ ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ನುಂಗಲು ಹೋದ, ನೆತ್ತಿಗೆ ಹತ್ತಿತು. ಕೆಮ್ಮಿ, ಕಣ್ಣು ಒರೆಸಿಕೊಂಡು, ಮಾತು ಬರುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು. ಅಪ್ಪ ಬೇಡ ಅನ್ನಲಿಲ್ಲ, ಅಂದರೆ ಅಪ್ಪನಿಗೂ ಅದೇ ಸರಿ ಅನಿಸಿದೆ ಎಂದು ಅವಳು ಅಮ್ಮನಿಗೆ ಹೇಳುತ್ತಿದ್ದುದು ಅಡುಗೆಮನೆಯಿಂದ ಕೇಳಿಸಿತು. ಶೇಡಣ್ಣ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಯಾಗಿ ಮುಚ್ಚಿದ.

ಶುಕ್ರವಾರ ಅವನು ಡಾಕ್ಟರಮ್ಮನ ಕುರ್ಚಿಯಲ್ಲಿ ಕೂತಾಗ ಭಾವಮೈದ ಫೈಲು ಹಿಡಿದು ಪಕ್ಕದಲ್ಲೇ ನಿಂತಿದ್ದ. ಡಾಕ್ಟರಮ್ಮ ವಯಸ್ಸಾದವರು, ತಾಳ್ಮೆಯವರು. ಬಾಯಿ ನೋಡಿದರು. ದೀಪ ಹತ್ತಿರಕ್ಕೆ ಎಳೆದುಕೊಂಡು ಮತ್ತೆ ನೋಡಿದರು. ಸೋಮವಾರದಿಂದ ಏನು ಕುಡಿದಿರಿ ಎಂದು ಕೇಳಿದರು. ಶೇಡಣ್ಣ ಹನ್ನೆರಡು ಲೋಟ, ಎರಡು ನಿಮಿಷ, ಕರವಸ್ತ್ರ, ಕಾರ್ಡು ಎಲ್ಲವನ್ನೂ ಬಿಡದೆ ಒಪ್ಪಿಸಿದ. ಅವರು ಸ್ವಲ್ಪ ಹೊತ್ತು ಕಿಟಕಿಯ ಕಡೆ ತಿರುಗಿಕೊಂಡು ನಿಂತರು. ಭುಜ ಅಲ್ಲಾಡುತ್ತಿತ್ತು. ಆಮೇಲೆ ಗಂಭೀರವಾಗಿ ತಿರುಗಿ, ಡ್ರಾಯರಿನಿಂದ ಒಂದು ಉದ್ದನೆಯ ಪಟ್ಟಿ ತೆಗೆದರು. ಅದರಲ್ಲಿ ಬೇರೆ ಬೇರೆ ಬಿಳುಪಿನ ಪುಟ್ಟ ಪುಟ್ಟ ಹಲ್ಲುಗಳು ಸಾಲಾಗಿ ಸಿಕ್ಕಿಸಿಕೊಂಡಿದ್ದವು.

ಶೇಡಣ್ಣ ಕುರ್ಚಿಯಲ್ಲಿ ಎದ್ದು ಕೂತ. "ಹಲ್ಲಿಗೂ ಶೇಡ್ ಕಾರ್ಡ್ ಇದೆಯಾ?"

ಎರಡು ವರ್ಷದಿಂದ ಆ ಕೋಣೆಗೆ ಬರುತ್ತಿದ್ದರೂ ಅವನ ಮುಖದಲ್ಲಿ ಅಂಥ ಕಳೆ ಅವರು ನೋಡಿರಲಿಲ್ಲ. ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಇನ್ನೊಂದು ಬೇಕಿತ್ತು ಎಂದು ಅವನು ವಾದಿಸಿದ. ಇರಬಹುದು ಎಂದು ಅವರು ಒಪ್ಪಿದರು. ಹತ್ತು ನಿಮಿಷ ಇಬ್ಬರೂ ಬಿಳಿಗಳ ಬಗ್ಗೆಯೇ ಮಾತಾಡಿದರು. ಭಾವಮೈದ ಬರೆದುಕೊಳ್ಳಲು ಏನೂ ಸಿಕ್ಕದೆ ಫೈಲು ಮುಚ್ಚಿ, ಹೊರಗೆ ಹೋಗಿ ಕೂತ.

"ನೋಡಿ ಶೇಡಣ್ಣ," ಎಂದರು ಡಾಕ್ಟರಮ್ಮ ಕೊನೆಗೆ, "ಗೋಡೆ ಬಣ್ಣ ಒಣಗಿದ್ಮೇಲೆ ನೋಡ್ಬೇಕು. ಹಲ್ಲಿನ ಬಣ್ಣ ಒದ್ದೆ ಇದ್ದಾಗ್ಲೇ ನೋಡ್ಬೇಕು. ನೀವು ಒರೆಸಿ ಒರೆಸಿ ಒಣಗಿಸಿದ್ದಕ್ಕೇ ಆ ಚೌಕ ಅಷ್ಟು ಬೆಳ್ಳಗೆ ಕಂಡಿದ್ದು."

ಮತ್ತೆ ಸುತ್ತಲಿನ ಮಸುಕು? ಅದು ಕ್ಲಿಪ್ ಮಾಡಿದ್ದಲ್ಲ ಎಂದರು. ಕ್ಲಿಪ್ಪಿನ ಕೆಳಗಿದ್ದ ಜಾಗ ಇದ್ದ ಹಾಗೇ ಇದೆ. ಅದರ ಅಂಚಿನ ಸುತ್ತ ಬ್ರಷ್ ಹೋಗದಿದ್ದರೆ ಅಲ್ಲಿ ಕೊಳೆ ಕೂರುತ್ತದೆ, ಬಣ್ಣ ಹಿಡಿಯುತ್ತದೆ. ಸ್ವಿಚ್ಚು ಬಿಚ್ಚದೆ ಸುತ್ತಲೂ ಬಣ್ಣ ಹೊಡೆಯುವವರು ಅಂಚು ಬಿಡುತ್ತಾರಲ್ಲ, ಹಾಗೆ ಉಜ್ಜಿದ್ದೀರಿ ಎಂದರು. ಶೇಡಣ್ಣನಿಗೆ ಇದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಅಂಚು ಬಿಡುವ ಕೆಲಸದವರನ್ನು ಅವನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಬಾಕಿ ಉಳಿದಿದ್ದ ಕೆಲಸವೆಂದರೆ ಅಂಟಿನ ಚೂರು ತೆಗೆದು ಹಲ್ಲು ತೊಳೆದು ನುಣುಪು ಮಾಡುವುದು. ಟೀಯ ಬಣ್ಣವೂ ಅದರ ಜೊತೆಗೇ ಹೋಯಿತು. ಕನ್ನಡಿ ಕೊಟ್ಟರು. ಚೌಕಗಳು ಇರಲಿಲ್ಲ. ಎರಡು ಹಲ್ಲಿನ ಮೇಲೆ ಮಾತ್ರ ಬೆಳ್ಳನೆಯ ಮಂಜಿನಂಥ ಅರ್ಧ ಅಂಚು ಉಳಿದಿತ್ತು. ಅದು ಕೊಳೆ ಕೂತು ಹಲ್ಲಿನ ಮೇಲ್ಮೈಯೇ ಸವೆದ ಗುರುತು, ನಿಧಾನವಾಗಿ ಸ್ವಲ್ಪ ಮಾಸಬಹುದು, ಪೂರ್ತಿ ಹೋಗುತ್ತದೆ ಎಂದು ಹೇಳಲಾರೆ ಎಂದರು. ಅವನು ತನ್ನದನ್ನು ಬಿಟ್ಟು ಮಗಳದನ್ನು ಕೇಳಿದ. ಅವಳು ಒಂದೊಂದು ಹಲ್ಲಿಗೂ ಪುಟ್ಟ ಬ್ರಷ್ ಹಾಕಿ ಉಜ್ಜುತ್ತಾಳೆ, ತಿಂಗಳು ತಿಂಗಳು ನೋಡಿದ್ದೇನಲ್ಲ, ನನಗೆ ಭಯವಿಲ್ಲ ಎಂದರು.

ಸಂಜೆ ಮನೆಗೆ ಬಂದು ಶೇಡಣ್ಣ ಮಗಳ ಎದುರು ಕುರ್ಚಿ ಹಾಕಿಕೊಂಡು ಕೂತ. ಕಾರ್ಡನ್ನು ಅವಳ ಕೈಗೆ ಕೊಟ್ಟು ಬಾಯಿ ತೆರೆದ. ಅವಳು ಸೂಕ್ಷ್ಮವಾಗಿ ನೋಡಿದಳು. ಅಪ್ಪನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಈ ಎರಡರ ಮೇಲೆ ಏನೋ ಇದೆ."

"ಅದು ಹೋಗಲ್ಲ. ನಾನು ಸರಿಯಾಗಿ ಉಜ್ಜಿಲ್ಲ, ಅದಕ್ಕೆ. ನಿಂಗೆ ಹಾಗಾಗಲ್ಲ ಅಂದ್ರು ಡಾಕ್ಟ್ರು. ಆದ್ರೂ ಆದ್ರೆ ಇಷ್ಟೇ ಆಗೋದು. ನೋಡಿಟ್ಕೋ."

"ಮತ್ಯಾಕೆ ನಗ್ತಿರ್ಲಿಲ್ಲ?"

"ಬಾಯಲ್ಲಿ ಟೀ ಇತ್ತು."

ಅವನು ಹನ್ನೆರಡು ಲೋಟದ ಕಥೆಯನ್ನು ಮೊದಲಿಂದ ಹೇಳಬೇಕಾಯಿತು. ಗುಮಾಸ್ತರ ತಂಗಿಯ ಹತ್ತಿರ ಬರುವಷ್ಟರಲ್ಲಿ ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಗ್ಗಿಹೋಗಿದ್ದಳು. ಅಡುಗೆಮನೆಯಿಂದ ಹೆಂಡತಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಉಜ್ಜಲಾರದವರು ಕ್ಲಿಪ್ಪನ್ನ ದೂರಿದರಂತೆ ಎಂದಳು. ಶನಿವಾರದ ಮಾತನ್ನು ಮಗಳು ಎತ್ತಲಿಲ್ಲ. ಮಲಗಲು ಹೋಗುವಾಗ ಮಾತ್ರ, ನಾಳೆ ನೀನು ಬರಬೇಡ, ಅಮ್ಮನ ಜೊತೆ ಹೋಗುತ್ತೇನೆ, ನೀನು ಬಂದರೆ ಬೆಳಕಿಗೆ ನಿಲ್ಲಿಸಿ ಕಾರ್ಡು ಹಿಡಿಯುತ್ತೀಯ ಎಂದಳು.

ಹಾಗಾಗಿ ಶನಿವಾರ ಶೇಡಣ್ಣ ಅಂಗಡಿಯಲ್ಲೇ ಇದ್ದ. ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಒಂದು ಬೂದುಬಣ್ಣ ಅವನ ಕೈಯಲ್ಲಿ ಕೆಟ್ಟಿತು. ಬೆಂಚಿನ ಮೇಲೆ ಐದು ಜನ ಕಾದಿದ್ದರು. ಬಾಯಿ ಬಂದಿದೆಯಲ್ಲ ಎಂದು ಅವನು ಒಬ್ಬೊಬ್ಬರಿಗೂ ಎರಡೆರಡು ಬುದ್ಧಿಮಾತು ಹೇಳಿದ. ದರ್ಜಿಯಮ್ಮನಿಗೆ ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದ. ಬೆಂಚಿನ ಮೇಲೆ ಗುಸುಗುಸು ಎದ್ದಿತು. ಒಬ್ಬೊಬ್ಬರಾಗಿ ಎದ್ದರು.

"ಬೇಜಾರು ಮಾಡ್ಕೋಬೇಡಿ ಶೇಡಣ್ಣ," ಎಂದರು ಗುಮಾಸ್ತರು ಮೆತ್ತಗೆ. "ನೀವು ಮಾತಾಡದೆ ಇದ್ದಾಗ್ಲೇ ಚೆನ್ನಾಗಿ ಹೇಳ್ತಿದ್ರಿ."

ಮಧ್ಯಾಹ್ನ ಕಳೆಯಿತು. ಯಜಮಾನರು ಊಟಕ್ಕೆ ಹೋಗು ಎಂದು ಎರಡು ಸಲ ಹೇಳಿದರು. ಅವನು ಗೋಣು ಹಾಕಿ, ಕೆಟ್ಟ ಬೂದುಬಣ್ಣವನ್ನು ಸರಿ ಮಾಡಲು ಮತ್ತೆ ಕೈ ಹಾಕಿದ. ಮೊಣಕೈವರೆಗೆ ಬಣ್ಣವಾಯಿತು. ಸಂದೇಹವೊಂದು ಸುಮ್ಮನೆ ಕೊರೆಯುತ್ತಿತ್ತು. ಡಾಕ್ಟರಮ್ಮ ಸಮಾಧಾನಕ್ಕೆ ಹೇಳಿದ್ದರೆ? ಹುಡುಗಿ ದಾರಿಯಿಂದಲೇ ವಾಪಸು ಬಂದಿದ್ದರೆ?

ಗಲ್ಲಾದ ಹತ್ತಿರ ಯಜಮಾನರು ಯಾರಿಗೋ ದಾರಿ ಬಿಟ್ಟ ಸದ್ದಾಯಿತು. ಶೇಡಣ್ಣ ತಲೆ ಎತ್ತಿದ. ಡಬ್ಬಗಳ ಸಾಲಿನ ಆ ಕೊನೆಯಿಂದ ಮಗಳು ಬರುತ್ತಿದ್ದಳು. ಕೈಯಲ್ಲಿ ಮೂರು ಅಂತಸ್ತಿನ ಊಟದ ಕ್ಯಾರಿಯರು. ಹಿಡಿಕೆ ಸಡಿಲವಾಗಿದ್ದುದರಿಂದ, ತಳ ಬಿಸಿಯಾಗಿದ್ದುದರಿಂದ, ಅದರ ಕೆಳಗೊಂದು ಬಟ್ಟೆ ಮಡಿಸಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಚೆಲ್ಲದಂತೆ ಒಂದೊಂದೇ ಹೆಜ್ಜೆ ಇಟ್ಟು ಬಂದು ಅವನೆದುರು ನಿಂತಳು. ನಕ್ಕಳು. ಹಲ್ಲಿನ ಮೇಲೆ ತಂತಿಯೂ ಇರಲಿಲ್ಲ, ಚೌಕವೂ ಇರಲಿಲ್ಲ.

ಶೇಡಣ್ಣ ತನ್ನ ಎರಡು ಕೈಗಳನ್ನು ನೋಡಿಕೊಂಡ. ಬಣ್ಣ ತೊಟ್ಟಿಕ್ಕುತ್ತಿತ್ತು. ಮೊಳೆಗೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಒರೆಸಿಕೊಳ್ಳತೊಡಗಿದ. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದ್ದು. ಒಂದೊಂದು ಬೆರಳನ್ನೂ ಬೇರೆ ಬೇರೆಯಾಗಿ, ಉಗುರಿನ ಸಂದಿಯನ್ನೂ ಬಿಡದೆ ಒರೆಸಿದ. ಯಾವ ಅವಸರವೂ ಇಲ್ಲದವನಂತೆ ಇನ್ನೊಂದು ಕೈಯನ್ನೂ ಹಾಗೆಯೇ ಒರೆಸಿದ. ಅಷ್ಟು ಹೊತ್ತೂ ಅವಳು ಕ್ಯಾರಿಯರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಗುತ್ತಲೇ ನಿಂತಿದ್ದಳು. ಕೊನೆಗೆ ಒರೆಸಲು ಯಾವ ಬೆರಳೂ ಉಳಿಯಲಿಲ್ಲ. ಅವನು ಕೈ ಚಾಚಿದ. ಅವಳು ಊಟವನ್ನು ಅವನ ಕೈಗಿಟ್ಟಳು. ಖಾಲಿಯಾದ ಅವಳ ಬಲಗೈ ಬಾಯಿಯ ಕಡೆ ಏಳಲಿಲ್ಲ.